ಸುಣ್ಣ ಹಚ್ಚದ ಎಲೆ

ಅನ್ನ, ನೀರು, ಉಸಿರು ಕೊಟ್ಟು ಈ ದಿನದವರೆಗೆ ನಮ್ಮನ್ನು ನಡೆಸಿಕೊಂಡು ಬಂದ ಭಗವಂತನಿಗೆ ಮೊದಲ ನಮಸ್ಕಾರ. ಹೊತ್ತು ಹೆತ್ತ ತಾಯಂದಿರಿಗೆ, ಅವರ ತಲೆದೆಸೆಯಲ್ಲಿ ಕುಳಿತು ಕಾದವರಿಗೆ, ದೇಹದೊಳಗಿನ ಕಾಣದ ವ್ಯಾಪಾರವನ್ನು ಅರಿತು ಹೇಳುವ ವೈದ್ಯರಿಗೆ ಅನಂತರದ ನಮಸ್ಕಾರ. ಈ ಋಣಗಳನ್ನು ನೆನೆಯದೆ ಮುಂದಿನ ಮಾತನ್ನು ಆಡಲು ನನಗೆ ನಾಲಿಗೆ ಏಳದು.

ಮುತ್ತೈದೆಯಾಗಿಯೇ ತೀರಿಕೊಂಡವರನ್ನು ಸ್ಮರಿಸುವ ಅವಿಧವಾ ನವಮಿ ಮೊನ್ನೆ ಬಂತು. ಅದರ ಹಿಂದಿನ ದಿನ ವೀಳ್ಯದೆಲೆ ತರಲೆಂದು, ಈಗ ನಾನಿರುವ ಉಪ್ಪಲ್‌ನಿಂದ ಸುಲ್ತಾನ್ ಬಜಾರಿಗೆ ಹೋಗಿದ್ದೆ. ಎಲೆಯವನು ಒದ್ದೆ ಗೋಣಿಯನ್ನು ಸರಿಸಿದ. ಪಕ್ಕದ ಮಡಕೆಯಲ್ಲಿ ಹೊಸದಾಗಿ ಅರಳಿಸಿದ ಸುಣ್ಣವಿತ್ತು. ಆ ತಣ್ಣನೆಯ, ಮೂಗನ್ನು ಚುಚ್ಚುವ ವಾಸನೆ ತಾಗಿದೊಡನೆ ನಾನು ಅಲ್ಲಿಯೇ ನಿಂತುಬಿಟ್ಟೆ. ವೈನಿ ನೆನಪಾದರು...

ಅದೇ ಬಜಾರಿನ ಹಿಂದಿನ ಓಣಿಯ ಒಂದು ಮನೆಯಲ್ಲಿ ನಾವು ಕೆಳಗೆ, ಅವರು ಮೇಲೆ. ನಾನಾಗ ಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ಅವರ ಯಜಮಾನರು ಸರಕಾರಿ ಕೆಲಸದಿಂದ ನಿವೃತ್ತರಾದ, ಮಿತಮಾತಿನ ಮನುಷ್ಯ. ಅತ್ತಿಗೆಯೆಂಬ ಸಲುಗೆಯಿಂದ ನಾನು ಅವರನ್ನು ವೈನಿ ಎನ್ನುತ್ತಿದ್ದೆ, ಅವರು ನನ್ನನ್ನು ಮಾಸ್ತರ ಎನ್ನುತ್ತಿದ್ದರು. ಊಟವಾದ ಮೇಲೆ ಹಿತ್ತಾಳೆಯ ತಬಕನ್ನು ಮುಂದಿಟ್ಟುಕೊಂಡು, ಹೆಬ್ಬೆರಳ ತುದಿಯಿಂದ ಎಲೆಗೆ ಸುಣ್ಣ ಸವರುತ್ತ ಅವರು ಇಡೀ ಓಣಿಯ ನ್ಯಾಯ ತೀರ್ಮಾನ ಮಾಡುತ್ತಿದ್ದರು. ಅವರ ತುಟಿ ಕೆಂಪಾಗಿರದ ದಿನವನ್ನು ನಾನು ಕಂಡಿರಲಿಲ್ಲ.

ಅವರ ಒಬ್ಬಳೇ ಮಗಳಿಗೆ ಮದುವೆಗೆ ಮುಂಚೆ ಕೊರಳಿನ ಥೈರಾಯ್ಡ್ ಗಂಟಿನ ಶಸ್ತ್ರಚಿಕಿತ್ಸೆಯಾಗಿತ್ತು. ಆ ಗ್ರಂಥಿಯ ಬೆನ್ನಿಗೆ ಪ್ಯಾರಾಥೈರಾಯ್ಡ್ ಎಂಬ ಕಾಳಿನಷ್ಟು ಸಣ್ಣ ಗ್ರಂಥಿಗಳು ಅಂಟಿಕೊಂಡಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ತಗ್ಗದಂತೆ ಕಾಯುವುದು ಅವುಗಳ ಕೆಲಸ. ಗಂಟಿನ ಸಂಗಡ ಅವೂ ಹೊರಟುಹೋದವು. ಅಂದಿನಿಂದ ಆಕೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಗುಳಿಗೆಗಳ ಆಧಾರದಲ್ಲಿಯೇ ಬದುಕುತ್ತಿದ್ದಳು. ಗುಳಿಗೆ ಸಾಲದಾದಾಗ ತುಟಿಯ ಸುತ್ತ ಜುಮ್ಮೆಂದು, ಬೆರಳುಗಳು ತಾವಾಗಿಯೇ ಮುದುಡಿ ಸೆಟೆದುಕೊಳ್ಳುತ್ತಿದ್ದವು. ಗರ್ಭಿಣಿಯಾಗಿ ತವರಿಗೆ ಬಂದಾಗ, ಅವಳನ್ನು ನೋಡುತ್ತಿದ್ದ ಡಾಕ್ಟರಬಾಯಿ ಮತ್ತೆ ಮತ್ತೆ ರಕ್ತ ಪರೀಕ್ಷಿಸಿ ಗುಳಿಗೆಯನ್ನು ಏರಿಸುತ್ತ ಬಂದರು. ಮಗಳ ಬೆರಳು ಸೆಟೆದಾಗಲೆಲ್ಲ ವೈನಿಯ ಮುಖದ ರಕ್ತ ಇಂಗಿ ಹೋಗುತ್ತಿತ್ತು. ಸುಣ್ಣದ ಅಂಶ ತಗ್ಗಬಾರದು ಎಂಬ ಒಂದೇ ಮಾತು ಆ ಮನೆಯಲ್ಲಿ ಮಂತ್ರವಾಯಿತು.

ಹೆರಿಗೆ ಸುಖವಾಗಿ ಆಯಿತು, ಹೆಣ್ಣುಕೂಸು. ಮನೆಗೆ ಕಳಿಸುವಾಗ ಡಾಕ್ಟರಬಾಯಿ, ವಾರದೊಳಗೆ ರಕ್ತ ಪರೀಕ್ಷೆಗೆ ಬನ್ನಿ, ಗುಳಿಗೆ ಬದಲಿಸಬೇಕಾದೀತು ಎಂದಿದ್ದರು. ಆದರೆ ಪುರುಡು ಕಳೆಯದೆ ಬಾಣಂತಿ ಹೊಸಿಲು ದಾಟುವುದುಂಟೆ? ಪುರುಡು ತೀರಲಿ, ಆಮೇಲೆ ಹೋದರಾಯಿತು ಎಂದುಕೊಂಡರು ವೈನಿ.

ಮಗಳು ಒಳಗೆ ಸೇರಿದಳು, ಬಾಗಿಲು ಮುಚ್ಚಿತು. ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿದರು. ಮಂಚದ ಕೆಳಗೆ ಕೆಂಡ, ಮೂಲೆಯಲ್ಲಿ ಲೋಬಾನದ ಹೊಗೆ, ಕಿವಿಗೆ ಬಿಗಿಯಾಗಿ ಕಟ್ಟಿದ ವಸ್ತ್ರ. ಊಟದ ನಂತರ ಸುಣ್ಣ ಹಚ್ಚಿದ ಎಲೆ ಅಡಿಕೆ ತಪ್ಪುವಂತಿಲ್ಲ, ಬಾಣಂತಿಯ ಎಲುಬಿಗೆ ಅದು ಬಲವೆಂಬ ನಂಬಿಕೆ. ನೀರು ಮಾತ್ರ ಅಜವಾನ ಹಾಕಿ ಕುದಿಸಿದ್ದು, ಅದೂ ಗುಟುಕಿನಷ್ಟು. ವೈನಿಯ ಅಕ್ಕ ಬಾಣಂತಿಯಾಗಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದರು. ತಣ್ಣೀರು ಕುಡಿದುದೇ ಕಾರಣವೆಂದು ಹಿರಿಯರು ಹೇಳಿದ್ದನ್ನು ಕೇಳುತ್ತಲೇ ಅವರು ದೊಡ್ಡವರಾಗಿದ್ದರು. ಒಂದು ಕೈಯಲ್ಲಿ ವೈದ್ಯರ ಗುಳಿಗೆ, ಇನ್ನೊಂದು ಕೈಯಲ್ಲಿ ಹಿರಿಯರ ಎಲೆ... ಎರಡನ್ನೂ ಅವರು ಒಂದೇ ಭಕ್ತಿಯಿಂದ ಕೊಟ್ಟರು. ಎರಡೂ ಒಂದೇ ವಸ್ತುವನ್ನು ಆ ದೇಹಕ್ಕೆ ತುಂಬುತ್ತಿವೆಯೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಸಂಜೆ ನಾನು ಮುಚ್ಚಿದ ಬಾಗಿಲ ಹೊರಗೆ ಕುಳಿತು ದೇವರ ನಾಮಾವಳಿ ಹೇಳುತ್ತಿದ್ದೆ. ಚಿಕ್ಕಂದಿನಲ್ಲಿ ನನ್ನ ಬಳಿ ಕಲಿತ ಹುಡುಗಿ. ನಾನು ಒಂದೊಂದು ನಾಮ ಹೇಳಿದಾಗಲೂ ಒಳಗಿನಿಂದ "ನಮಃ" ಎನ್ನುವಳು. ಒಂದು ಸಂಜೆ ಆ "ನಮಃ" ತಡವಾಗಿ ಬಂತು. ಆಮೇಲೆ ನಾಮಕ್ಕೆ ಮುಂಚೆಯೇ ಬಂತು. ಆಮೇಲೆ ನಿಂತೇಹೋಯಿತು.

"ಕಾಕಾ, ನೀರು ಕೊಡಸ್ರಿ" ಎಂಬ ದನಿ ಕೇಳಿತು.

ಬಾಗಿಲ ಹೊರಗೆ ನನ್ನೆದುರು ಕುಳಿತಿದ್ದ ವೈನಿಯತ್ತ ನೋಡಿದೆ. "ಒಂದು ಲೋಟ ಕೊಟ್ರ ಏನಾಗ್ತದ, ವೈನಿ?"

"ಮಾಸ್ತರ, ಪಾರಾಯಣ ನಿಮ್ಮದು, ಬಾಣಂತನ ನಮ್ಮದು. ನೀವು ಎಷ್ಟು ಹಡದೀರಿ, ಹೇಳ್ರಿ ನೋಡೋಣ?" ಎಂದರು ವೈನಿ. ಒಳಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ನನ್ನ ಹೆಂಡತಿಯೂ ನಕ್ಕಳು.

ಮಗಳು ನಗಲಿಲ್ಲ. "ಅವ್ವಾ, ಇದು ಹಳೇ ಜಡ್ಡಲ್ಲ. ಕೈ ಸೆಟೆದಿಲ್ಲ, ತುಟಿ ಜುಂ ಅಂದಿಲ್ಲ. ಬಾಯಿ ಒಣಗ್ಲಿಕ್ಕತ್ತದ, ತಿಂದದ್ದೆಲ್ಲ ಹೊರಗ ಬರ್ಲಿಕ್ಕತ್ತದ. ಇದು ಬ್ಯಾರೇನೇ ಅದ. ಬಾಗಲಾ ತಗೀ..."

ವೈನಿ ಬಾಗಿಲನ್ನು ಅರ್ಧ ಸರಿಸಿ ಒಳಗೆ ಹೋದರು. "ಗುಳಿಗಿ ಒಂದೂ ತಪ್ಪಿಸಿಲ್ಲಲ್ಲವಾ ನಾನು! ನಿಶ್ಶಕ್ತಿ ಅದು. ಇಕಾ, ಇನ್ನೊಂದು ಎಲಿ ತಿನ್ನು."

ಹೆಬ್ಬೆರಳು ಮತ್ತೆ ಸುಣ್ಣದ ಡಬ್ಬಿಗೆ ಹೋದುದನ್ನು ಅರೆತೆರೆದ ಬಾಗಿಲಿನಿಂದ ಕಂಡೆ. ಆ ದಿನಗಳ ನೆನಪೆಂದರೆ ನನಗೆ ಆ ಬಾಗಿಲೇ. ಒಳಗೆ ತನ್ನ ಶರೀರವನ್ನು ತಾನು ಬಲ್ಲ ಒಬ್ಬಳು, ಹೊರಗೆ ಅವಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದ ನಾವು. ಅವಳ ಮಾತು ನಮ್ಮ ಪ್ರೀತಿಯನ್ನು ದಾಟಿ ಬರಲಾರದೆ ಹೊಗೆಯಲ್ಲಿಯೇ ಸುತ್ತುತ್ತಿತ್ತು.

ಮರುದಿನ ಬೆಳಿಗ್ಗೆ ಕೂಸು ಅತ್ತಿತು. ಮಗಳು ಕಣ್ಣು ತೆರೆದು, ಬಹಳ ಹೊತ್ತು ಅದನ್ನು ನೋಡಿ ಕೇಳಿದಳಂತೆ, "ಯಾರ ಕೂಸಿದು?"

ದೃಷ್ಟಿಯಾಗಿದೆ ಎಂದು ಓಣಿಯ ಹೆಂಗಸೊಬ್ಬರು ಮೆಣಸಿನಕಾಯಿ ನಿವಾಳಿಸಲು ಎದ್ದರು. ವೈನಿ ಅವರನ್ನು ಸರಿಸಿ, ಮೊಬೈಲು ಹಿಡಿದು ನನ್ನ ಬಳಿಗೆ ಓಡಿಬಂದರು. "ಮಾಸ್ತರ, ಡಾಕ್ಟರಬಾಯಿಗೆ ಫೋನ್ ಹಚ್ಚಿ ಕೊಡ್ರಿ."

ಗುಳಿಗೆ ಇನ್ನೂ ಅಷ್ಟೇ ಕೊಡುತ್ತಿದ್ದೀರಾ, ಬೇರೆ ಏನು ತಿನ್ನಿಸುತ್ತಿದ್ದೀರಿ ಎಂದು ಆಕೆ ಹಿಂದಿಯಲ್ಲಿ ಕೇಳಿದರು. ವೈನಿ ತಮ್ಮ ಹಿಂದಿಯಲ್ಲಿ, "ಪಾನ್... ಚೂನಾ ಲಗಾಕೆ" ಎಂದರು, ಸುಣ್ಣ ಹಚ್ಚಿದ ಎಲೆ. ಆ ಕಡೆಯಿಂದ ಒಡನೆಯೇ, "ಸಬ್ ಬಂದ್ ಕರೋ ಅಮ್ಮಾ. ಪಾನೀ ಪಿಲಾವೋ. ಅಭೀ ಲೇಕೆ ಆವೋ." ಎಲ್ಲ ನಿಲ್ಲಿಸಿ, ನೀರು ಕುಡಿಸಿ, ಈಗಲೇ ಕರೆತನ್ನಿ.

ವೈನಿ ಒಳಗೆ ಹೋಗಿ ಕಿಟಕಿಗೆ ತುರುಕಿದ್ದ ಸೀರೆಯನ್ನು ಎಳೆದು ಬಿಸಾಡಿದರು. ಎಷ್ಟೋ ದಿನಗಳ ಮೇಲೆ ಆ ಕೋಣೆಗೆ ಬೆಳಕು ಬಿತ್ತು. ತಂಬಿಗೆಯನ್ನು ಮಗಳ ತುಟಿಗೆ ಹಿಡಿದು, "ಕುಡೀ ನನ್ನವ್ವಾ, ಕುಡೀ" ಎನ್ನುತ್ತಿದ್ದರು. ಪುರುಡಿನ ಮಾತು ಯಾರ ಬಾಯಿಂದಲೂ ಬರಲಿಲ್ಲ. ಆಗ ಮೆಟ್ರೊ ಕಂಬಗಳಿಗಾಗಿ ಬಜಾರನ್ನೆಲ್ಲ ಅಗೆದಿದ್ದರು. ನಮ್ಮ ಆಟೊ ಮುಂದೆಯೂ ಹೋಗದೆ ಹಿಂದೆಯೂ ಬಾರದೆ ಸಿಕ್ಕಿಕೊಂಡಿತು. ಪರರೆದುರು ದನಿಯೆತ್ತದ ವೈನಿಯ ಯಜಮಾನರು ಕೆಳಗಿಳಿದು, ಟೊಂಕಕ್ಕೆ ಧೋತರ ಸಿಕ್ಕಿಸಿ, ಕೈಬಂಡಿಗಳನ್ನು ತಾವೇ ತಳ್ಳಿ ದಾರಿ ಬಿಡಿಸಿದರು. ವೈನಿ ಆಟೊದವನ ಹೆಗಲು ತಟ್ಟುತ್ತ, "ತೊಂದರಗಾ ಪೋನೀ ನಾಯನಾ" ಎಂದು ತೆಲುಗಿನಲ್ಲಿ ಅಂಗಲಾಚುತ್ತಿದ್ದರು. ಬೇಗ ನಡೆಸಪ್ಪಾ...

ರಕ್ತದಲ್ಲಿ ಸುಣ್ಣದ ಅಂಶ ತಗ್ಗಿರಲಿಲ್ಲ, ಅಪಾಯದ ಮಟ್ಟಕ್ಕೆ ಏರಿತ್ತು. ಸಲೈನ್ ಏರಿಸಿದರು, ಗುಳಿಗೆ ನಿಲ್ಲಿಸಿದರು, ಕೂಸಿನ ರಕ್ತವನ್ನೂ ನೋಡಿದರು. ಡಾಕ್ಟರಬಾಯಿ ಅಂದು ತಿಳಿಸಿದ ಮಾತು ನನಗೆ ಇಂದಿಗೂ ರೋಮಾಂಚನ ತರುತ್ತದೆ. ತಾಯಿ ಹಾಲೂಡಿಸತೊಡಗಿದೊಡನೆ ಎದೆಯಿಂದಲೇ ಒಂದು ರಸ ಹೊರಟು, ಇಲ್ಲವಾದ ಗ್ರಂಥಿಗಳ ಕೆಲಸವನ್ನು ತಾನು ವಹಿಸಿಕೊಳ್ಳುವುದಂತೆ. ಎಲುಬಿನಲ್ಲಿರುವ ಸುಣ್ಣವನ್ನು ತೆಗೆದು ರಕ್ತಕ್ಕೆ ಸೇರಿಸುವುದಂತೆ. ಆದುದರಿಂದಲೇ ಹೆರಿಗೆಯ ಬಳಿಕ ಬೇಗ ಪರೀಕ್ಷಿಸಿ ಗುಳಿಗೆ ತಗ್ಗಿಸಬೇಕು, ಕೂಸು ಹಾಲು ಬಿಟ್ಟಾಗ ಮತ್ತೆ ನೋಡಿ ಏರಿಸಬೇಕು. ಭಗವಂತ ಒಳಗಿನಿಂದ ಕೊಡತೊಡಗಿದ್ದ, ನಾವು ಹೊರಗಿನಿಂದ ಸುರಿಯುತ್ತಲೇ ಇದ್ದೆವು.

ಕೆಲವು ದಿನಗಳಲ್ಲಿ ಮಗಳ ಬುದ್ಧಿ ತಿಳಿಯಾಯಿತು. ಕೂಸನ್ನು ಎದೆಗೆ ಕೇಳಿದಳು. ವೈನಿ ಗೋಡೆಯತ್ತ ತಿರುಗಿ ನಿಂತರು.

ಅಲ್ಲಿಂದ ಮುಂದೆ ಅವರು ಎಲೆಗೆ ಸುಣ್ಣ ಹಚ್ಚಲಿಲ್ಲ. ಎಲೆ, ಅಡಿಕೆ ಎರಡನ್ನೇ ಅಗಿಯುವರು, ತುಟಿ ಕೆಂಪೇರುತ್ತಿರಲಿಲ್ಲ. ಒಮ್ಮೆ ಕೇಳಿಯೇಬಿಟ್ಟೆ. "ಸುಣ್ಣ ಇಲ್ಲದ ಎಲಿ ಏನು ರುಚಿ, ವೈನಿ?"

"ರುಚಿ ಯಾರಿಗೆ ಬೇಕಾಗ್ಯದ ಮಾಸ್ತರ? ಡಬ್ಬಿ ಮುಟ್ಟಿದ್ರ ಸಾಕು, ಯಾರ ಕೂಸಿದು ಅಂತ ಅಕಿ ಕೇಳಿದ್ದೇ ಕೇಳಸ್ತದ..."

ಹೋದ ವರ್ಷ ವೈನಿ ಹೃದಯದ ಬೇನೆಯಿಂದ ತೀರಿಕೊಂಡರು. ಅಂತಿಮ ದರ್ಶನದಲ್ಲಿಯೂ ತುಟಿ ಬಿಳಿಚಿಯೇ ಇತ್ತು.

"ಚೂನಾ ಭೀ ಬಾಂಧೂಂ ಕ್ಯಾ, ಸಾಬ್?" ಸುಣ್ಣವನ್ನೂ ಕಟ್ಟಲೇ ಎಂದು ಎಲೆಯವನು ಕೇಳಿದಾಗ ನಾನು ಈ ಲೋಕಕ್ಕೆ ಮರಳಿದೆ. ಬೇಡವೆಂದು ತಲೆಯಾಡಿಸಿ, ಎಲೆಯ ಕಟ್ಟನ್ನು ವೈನಿಯ ಮಗಳ ಮನೆಗೆ ಒಯ್ದೆ. ಆಕೆ ಈಗ ಮತ್ತೆ ಗರ್ಭಿಣಿ. ಅಂದಿನ ಕೂಸು ಶಾಲೆಯ ಚೀಲ ಎಸೆದು ನನ್ನ ಕೈ ಹಿಡಿದಳು. ಮಗಳು ತಾಯಿಯ ತಬಕಿನಲ್ಲಿ ಎಲೆಗಳನ್ನು ಜೋಡಿಸುತ್ತ ಹೇಳಿದಳು, "ಈ ಸಲನೂ ನೀವು ಬಾಗಲದಾಗ ಕೂತು ನಾಮಾವಳಿ ಹೇಳ್ರಿ, ಕಾಕಾ. ಕಿಟಕಿ ತೆಗೆದಿಟ್ಟು, ತಂಬಿಗಿ ತುಂಬ ನೀರು ಇಟಗೋತೀನಿ. ಬೈಲಿಕ್ಕೆ ಅವ್ವನೇ ಇಲ್ಲ ಈಗ..."

ನಗಲು ಹೋದಳು, ಆಗಲಿಲ್ಲ. ನಾನೂ ಅವಳೂ ತಬಕಿನಲ್ಲಿದ್ದ ಖಾಲಿ ಸುಣ್ಣದ ಡಬ್ಬಿಯನ್ನು ನೋಡುತ್ತ ಕುಳಿತೆವು.

ಮಗಳಿಗೆ, ಬರಲಿರುವ ಕೂಸಿಗೆ ದೀರ್ಘಾಯುಸ್ಸಾಗಲಿ. ಬಿಡಿಸಿ ತಿಳಿಹೇಳಿದ ಡಾಕ್ಟರಬಾಯಿಯ ಕೈಗುಣ ಹೆಚ್ಚಲಿ. ದಾರಿ ಬಿಡಿಸಿದ ಆ ಯಜಮಾನರಿಗೆ, ನಾವು ಹೆಸರೂ ಕೇಳದೆ ಕಳಿಸಿಬಿಟ್ಟ ಆ ಆಟೊದವನಿಗೆ ಒಳಿತಾಗಲಿ. ಮುಚ್ಚಿದ್ದ ಕಿಟಕಿಯನ್ನು ತಮ್ಮ ಕೈಯಿಂದಲೇ ತೆರೆದ ವೈನಿಗೆ, ಬೆಳಕು ಧಾರಾಳವಾಗಿರುವ ಲೋಕದಲ್ಲಿ ಭಗವಂತ ಸ್ಥಾನ ಕೊಡಲಿ.