ಒಂದು ತಾಸಿನ ಹಗಲು

ಜಗತ್ತು ಮುಳುಗುವ ಕಥೆಗಳಲ್ಲಿ ಯಾವಾಗಲೂ ಬೇರೆ ದೇಶದವರೇ ಬದುಕಿ ಉಳಿಯುತ್ತಾರಲ್ಲ, ಆ ಸಿಟ್ಟಿಗೆ ನಾನೂ ಒಂದು ಬರೆದೆ. ನಮ್ಮೂರು ಶಿರಗುಪ್ಪಿಯ ಮಂದಿಯೇನು ಕಡಿಮೆ? ನನ್ನ ಕಥೆಯಲ್ಲಿ ಸೂರ್ಯ ದಿನದಿನಕ್ಕೆ ಸೊರಗಿ ಹಗಲು ಒಂದೇ ತಾಸಿಗೆ ಇಳಿಯುತ್ತದೆ. ನಮ್ಮ ಮನೆಯವರು ಕಬ್ಬು ಸಾಗಿಸುವ ಟ್ರ್ಯಾಲಿ ಹತ್ತಿ ಬೆಳಕು ಹುಡುಕುತ್ತ ಹೊರಡುತ್ತಾರೆ. ಅಥಣಿ ದಾಟುವಷ್ಟರಲ್ಲಿ ಮೂರು ಸಾಹಸ, ಏಳು ಜಗಳ. ಚಿಕ್ಕೋಡಿಯ ವಾರಪತ್ರಿಕೆಯೊಂದು ಯುಗಾದಿ ಸಂಚಿಕೆಗೆ ಕಥೆ ಕೇಳಿತ್ತು. ಕೇಳಿತ್ತು ಅನ್ನುವುದಕ್ಕಿಂತ ನಾನೇ ಬೆನ್ನು ಹತ್ತಿ ಕೇಳುವಂತೆ ಮಾಡಿದ್ದೆ.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಕಥೆಯ ನಗೆಯೆಲ್ಲ ಅದರ ಮೇಲೇ ನಿಂತಿತ್ತು. ಜಗತ್ತೇ ಮುಗಿಯುತ್ತಿದ್ದರೂ ನೇಮ ಬಿಡದ ಈ ಕುಟುಂಬ, ಆ ಒಂದು ತಾಸಿನೊಳಗೆ ಊಟ ಮುಗಿಸಲು ಗಡಿಯಾರ ನೋಡಿಕೊಂಡು ಒದ್ದಾಡುತ್ತದೆ.

ಚಳಿಗಾಲದ ಒಂದು ರವಿವಾರ, ನಾಲ್ಕು ಗಂಟೆಗೆ, ಅಣ್ಣ, ಅವನ ಇಬ್ಬರು ಮಕ್ಕಳು, ನನ್ನ ಹೆಂಡತಿ, ಮಗಳು ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಓದಲು ಕುಳಿತೆ. ಅಡುಗೆಮನೆಯ ಬಾಗಿಲಿಗೆ ಅಣ್ಣನ ಹೆಂಡತಿ, ನಮ್ಮ ವೈನಿ, ಆತು ನಿಂತಿದ್ದರು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಮನೆ ತುಂಬಿದವರು. ಅವ್ವ ಇರಲಿಲ್ಲ, ನನ್ನನ್ನು ಬೆಳೆಸಿದ್ದು ಅವರ ಕೈಯ ರೊಟ್ಟಿಯೇ.

"ಹೊತ್ತಾತು ತಮ್ಮಾ, ಒಲಿ ಹಚ್ಚಬೇಕು" ಅಂದರು.

"ಇನ್ನ ಎರಡ ಪುಟ, ವೈನಿ. ಮಜಾ ಮುಂದ ಐತಿ, ನಿಂದರ್ರಿ."

ಎರಡು ಪುಟ ಹನ್ನೊಂದಾಯಿತು. ನಡುವೆ ಗಂಟಲು ಒಣಗಿತೆಂದು ಅವರಿಂದಲೇ ಚಹಾ ಮಾಡಿಸಿಕೊಂಡು ಕುಡಿದೆ. ಕಥೆಯ ಅಣ್ಣ ಮೊದಲು ಎಮ್ಮೆಯನ್ನು ಹತ್ತಿಸಿ ಆಮೇಲೆ ಮಕ್ಕಳನ್ನು ಹತ್ತಿಸುವ ಜಾಗ ಬಂದಾಗ ನಿಜವಾದ ಅಣ್ಣ ಕಣ್ಣೀರು ಬರುವಂತೆ ನಕ್ಕ. ನಾನು ಉಬ್ಬಿ ಆ ಪುಟವನ್ನು ಇನ್ನೊಮ್ಮೆ ಓದಿದೆ.

ಮುಗಿದ ಮೇಲೆ ವೈನಿ ಕೇಳಿದರು. "ಛಲೋ ಐತಿ. ಆದ್ರ ಒಂದ ತಾಸಿನ್ಯಾಗ ಇಷ್ಟ ಮಂದಿಗೆ ರೊಟ್ಟಿ ಬಡದು, ನೀಡಿ, ಮಾಡಿದಾಕಿ ಯಾವಾಗ ಉಂಡ್ಳು?"

ಬರೆಯುವವನಿಗೆ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ. "ಅದು ಕಥಿ ಐತ್ರಿ ವೈನಿ, ಅದರಾಗ ಅಡಗಿ ವಿಚಾರ ತರಬ್ಯಾಡ್ರಿ" ಅಂದುಬಿಟ್ಟೆ. ಮಕ್ಕಳು ನಕ್ಕರು. ವೈನಿಯೂ ನಕ್ಕು ಒಳಗೆ ಹೋದರು.

ರೊಟ್ಟಿ ಬಡಿಯುವ ಸದ್ದು ಅವಸರದಲ್ಲಿತ್ತು. ನನ್ನ ಹೆಂಡತಿ ಕೈಜೋಡಿಸಲು ಹೋದರೆ, "ನೀ ಗುಳಿಗಿ ತಗೋಬೇಕು, ಮೊದಲ ಉಣ್ಣು" ಎಂದು ಅವಳನ್ನೂ ಕೂರಿಸಿದರು. ನಾವು ಸಾಲಾಗಿ ಕುಳಿತು ಉಂಡೆವು. ನಾನು ಇನ್ನೊಂದು ಬಿಸಿ ರೊಟ್ಟಿ ಕೇಳಿ ಹಾಕಿಸಿಕೊಂಡೆ. ಕೈ ತೊಳೆಯಲು ಅಂಗಳಕ್ಕೆ ಬಂದಾಗ ಸೂರ್ಯ ಕಬ್ಬಿನ ಆಚೆ ಇಳಿದುಹೋಗಿತ್ತು.

ಒಳಗೆ ವೈನಿ ಒಲೆಯಿಂದ ಹಂಚು ಇಳಿಸುತ್ತಿದ್ದರು. "ಉಂಡ್ರೇನ್ರಿ?" ಅಂದೆ.

"ಹೊತ್ತ ಮುಳಗೇತಿ ತಮ್ಮಾ. ಮುಂಜಾನೆ ಉಂಡ್ರಾತು. ಚಳಿಗಾಲದಾಗ ಇದು ಇರೂದ."

ಇರೂದ. ಎಷ್ಟು ಚಳಿಗಾಲ? ಮಾಡಿದ್ದುಣ್ಣೋ ಮಹಾರಾಯ ಎನ್ನುವ ಗಾದೆ ಹೇಳಿಕೊಂಡು ಬೆಳೆದವನು ನಾನು. ಮಾಡಿದವಳು ಉಂಡಳೋ ಇಲ್ಲವೋ ಎಂದು ಮೂವತ್ತು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಕೋಣೆಗೆ ಹೋಗಿ ಹಾಳೆ ತಿರುವಿದೆ. ಟ್ರ್ಯಾಲಿಯಲ್ಲಿ ಎಲ್ಲರೂ ಇದ್ದರು. ಎಮ್ಮೆಯೂ ಇತ್ತು. ವೈನಿ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪಾಗಿರಲಿಲ್ಲ. ಬೇಕೆಂದು ಬಿಟ್ಟಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಮರುದಿನ ಅವರ ಮುಖ ನೋಡಲಾಗದೆ ಚಹಾ ಕುಡಿಯದೆಯೇ ರಾಯಬಾಗದ ಬಸ್ಸು ಹಿಡಿದು ನಾನು ಕಲಿಸುವ ಶಾಲೆಗೆ ಹೋದೆ.

ಎಂಟು ದಿನ ಕುಳಿತು ತಿದ್ದಿದೆ. ಟ್ರ್ಯಾಲಿಯಲ್ಲಿ ಅವರಿಗೆ ಎಲ್ಲರಿಗಿಂತ ಮುಂದೆ, ಗಾಳಿ ಬಡಿಯದ ಜಾಗ ಕೊಟ್ಟೆ. ಅಣ್ಣನ ಕೈಯಲ್ಲಿ ಹಿಟ್ಟು ನಾದಿಸಿದೆ. ಮೊದಲ ತಾಟು ವೈನಿಗೆ ಎಂದು ಬರೆದೆ. ತಪ್ಪು ತೀರಿತು ಎಂಬ ಸಮಾಧಾನದಲ್ಲಿ, ಅವರೊಬ್ಬರೇ ಕಾಳು ಹಸನು ಮಾಡುತ್ತ ಕುಳಿತಿದ್ದಾಗ ಓದಿ ಹೇಳಿದೆ.

ವೈನಿ ಪೂರ್ತಿ ಕೇಳಿದರು. ಮೊರ ಪಕ್ಕಕ್ಕಿಟ್ಟರು.

"ನನ್ನ ಇಳಿಸಿಬಿಡು ತಮ್ಮಾ" ಅಂದರು. "ನೀವೆಲ್ಲಾರೂ ಹೋಗ್ರಿ. ನೀವು ಹೋದ ಮ್ಯಾಲ ಆ ಒಂದ ತಾಸು ನಾ ಒಬ್ಬಾಕಿನ ಕುಂತು ಬಿಸಿ ರೊಟ್ಟಿ ಉಣ್ಣತೀನಿ."