ಮೋಡವಿಲ್ಲದ ದಿನ ಬಂದ ನೀರು

ಕನಕಪುರದ ಕಡೆಯ ಆ ಊರಲ್ಲಿ ಹೊಳೆ ದಾಟುವವರು ಮೊದಲು ಬೈರಮ್ಮನ ಮುಖ ನೋಡುತ್ತಿದ್ದರು. ನೀರು ಕೆಂಪಾಗಿ, ನೊರೆಯ ಜೊತೆ ಒಣಕಡ್ಡಿ ತೇಲಿ ಬಂದರೆ ಮೇಲೆಲ್ಲೋ ಮಳೆಯಾಗಿದೆ, ಹೊಳೆ ಬರುತ್ತದೆ ಎಂದು ಅರ್ಥ. ಅರವತ್ತು ದಾಟಿದ ಮೇಲೂ ಅವಳ ಮಾತು ಒಮ್ಮೆಯೂ ತಪ್ಪಿರಲಿಲ್ಲ.

ಆರು ಮೈಲಿ ಮೇಲೆ ಹೊಸ ಜಲಾಶಯ ಕಟ್ಟಿದ ಮೇಲೆ ಹೊಳೆ ಪಾದ ನೆನೆಯುವಷ್ಟಕ್ಕೆ ಇಳಿದಿತ್ತು. ನೀರು ಬಿಡುವ ಮುಂಚೆ ಸೈರನ್ ಕೂಗಿಸುತ್ತೇವೆಂದು ಜೀಪಿನಲ್ಲಿ ಬಂದವರು ಹೇಳಿಹೋಗಿದ್ದರು. ಆದರೆ ಸೈರನ್ ಆ ಊರಿಗೆ ಹೊಸದೇ? ಗುಡ್ಡದ ಕಲ್ಲುಕ್ವಾರಿಯಲ್ಲಿ ಬಂಡೆ ಸಿಡಿಸುವ ಮುಂಚೆ ದಿನವೂ ಕೂಗುತ್ತಿತ್ತು. ಹಿಂದೆಯೇ ಢಮ್ ಎನ್ನುತ್ತಿತ್ತು.

ಆ ಮಧ್ಯಾಹ್ನ ಸೊಸೆ ರಾಧಾಮಣಿ ಎಳೆಯ ರೇಷ್ಮೆಹುಳುಗಳ ತಟ್ಟೆ ಹೊತ್ತು ಆಚೆ ದಡದಲ್ಲಿ ನಿಂತಾಗ ಸೈರನ್ ಕೂಗಿತು.

"ಅತ್ತೆಮ್ಮಾ, ಬರ್ಲಾ?"

"ಕ್ವಾರಿದು ಕಣವ್ವ, ಬಾ. ಮೋಡ ಐತಾ, ಮಳೆ ಐತಾ? ನೀರು ಕನ್ನಡಿ ಇದ್ದಂಗೈತೆ. ಬಿಸ್ಲಿಗೆ ಹುಳ ಸತ್ತೋಯ್ತವೆ."

ರಾಧಾಮಣಿ ನಡುಹೊಳೆಗೆ ಬಂದಳು. ಬೈರಮ್ಮನ ಕಿವಿ ತಾನಾಗಿ ಢಮ್ ಎಂಬುದಕ್ಕೆ ಕಾಯಿತು. ಗುಡ್ಡ ಸುಮ್ಮನಿತ್ತು.

ನೀರು ಏರತೊಡಗಿತು. ಕೆಂಪಿಲ್ಲ, ಕಡ್ಡಿಯಿಲ್ಲ. ತಳದ ಮರಳು ಕಾಣುವಂತೆಯೇ ಮೊಣಕಾಲು, ಸೊಂಟ. ಬೈರಮ್ಮ ನಂಬಲಾರದೆ ಆಕಾಶ ನೋಡಿದಳು. ಒಂದು ಚೂರು ಮೋಡವಿರಲಿಲ್ಲ.

"ಹುಳ ಬುಟ್ಟಾಕೇ! ಬಂಡೆ ಹಿಡ್ಕೊ!"

ತಟ್ಟೆ ತಿರುತಿರುಗುತ್ತ ಹೋಯಿತು. ಹೊಂಗೆಯ ಬೇರು ಹಿಡಿದು ಎದೆಮಟ್ಟದ ನೀರಿಗಿಳಿದ ಬೈರಮ್ಮ, ಕೊಚ್ಚಿ ಬಂದ ಸೊಸೆಯ ಜಡೆಗೆ ಕೈಹಾಕಿ ಎಳೆದಳು. ದಡದಲ್ಲಿ ರಾಧಾಮಣಿ ನೀರು ಕಾರಿಕೊಂಡು ಅತ್ತಳು. ಬೈರಮ್ಮನಿಗೆ ಅಳುವೂ ಬರಲಿಲ್ಲ. ಬಾ ಎಂದು ಕರೆದವಳು ತಾನೇ. ಕಿತ್ತು ಬಂದ ಕೂದಲು ಬೆರಳಲ್ಲೇ ಸುತ್ತಿಕೊಂಡಿತ್ತು.

ಮಾರನೆಯ ದಿನ ನೀರು ಮತ್ತೆ ಪಾದಕ್ಕಿಳಿದಿತ್ತು. ಕುರಿ ಹೊಡೆದುಕೊಂಡು ಬಂದ ಮುನೇಶನಿಗೆ ಬೈರಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಹೋಗ್ಬ್ಯಾಡ ಕಣ್ಲಾ. ಸೇತುವೆ ಮ್ಯಾಲೆ ಸುತ್ತಾಕ್ಕೊಂಡು ಹೋಗು."

"ಕುರಿ ಗೊರಸೂ ನೆನೆಯಾಕಿಲ್ಲ! ಯಾವಾಗ ಬತ್ತದೆ ಅಂತಾನಾದ್ರೂ ಹೇಳಮ್ಮೊ."

"ನಂಗೊತ್ತಿಲ್ಲ."

ಬೈರಮ್ಮನ ಬಾಯಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ. ಮುನೇಶ ಗಲಿಬಿಲಿಗೊಂಡು, ಕೋಲು ಊರಿ ನಕ್ಕ.

"ಗೊತ್ತಿಲ್ದೆ ತಡೀತೀಯಲ್ಲ, ಇದೇನು ನಿಮ್ಮಪ್ಪನ ಹೊಳೆಯಾ?"

"ನಮ್ಮಪ್ಪಂದೇ ಆಗಿದ್ರೆ," ಎಂದಳು ಬೈರಮ್ಮ, "ನಂಗೊಂದ್ ಮಾತು ಹೇಳ್ದೆ ಬತ್ತಿತ್ತೇನ್ಲಾ?"