ಕಾಗದನಗರದಲ್ಲಿ ಆರದ ಟಾರ್ಚು

ದೇವರನ್ನು ನಂಬುವವಳು ನಾನು. ಬೆಳಿಗ್ಗೆ ದೀಪ ಹಚ್ಚದೆ ಕಾಫಿಗೂ ನೀರಿಡುವುದಿಲ್ಲ. ಆದರೆ ಪವಾಡದ ಕಥೆಗಳನ್ನು ಯಾವತ್ತೂ ನಂಬಿದವಳಲ್ಲ. ಯಾರದೋ ಮನೆಯ ದೇವರ ಫೋಟೋದಿಂದ ವಿಭೂತಿ ಉದುರುತ್ತಿದೆ ಎಂದರೆ, ಫೋಟೋ ಒರೆಸಿ ಎಷ್ಟು ದಿನವಾಯಿತು ಎಂದು ಕೇಳುತ್ತಿದ್ದೆ. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನನ್ನ ಸಿಟ್ಟೆಲ್ಲ ಆ ಟಾರ್ಚ್ ಮಾರಿದವನ ಮೇಲೆ.

ಕೆಲವು ವರ್ಷಗಳ ಹಿಂದೆ ನಾವು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಲ್ಲಿದ್ದೆವು. ಕಾಗದದ ಕಾರ್ಖಾನೆ ನಿಂತ ಮೇಲೆ ಅಕ್ಕಪಕ್ಕದ ಮನೆಗಳು ಖಾಲಿಯಾಗಿ ಅಂಗಳದಲ್ಲಿ ಆಳೆತ್ತರದ ಹುಲ್ಲು ಬೆಳೆದಿತ್ತು. ಜೋರು ಗಾಳಿ ಬಂದರೆ ಕರೆಂಟು ಹೋಗುತ್ತಿತ್ತು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರಿಗಾಗಿಯೇ ಶಿವಮೊಗ್ಗದ ಬಜಾರಿನಲ್ಲಿ ಒಂದು ಎಲ್‌ಇಡಿ ಟಾರ್ಚ್ ಕೊಂಡು ತಂದೆ. ಒಮ್ಮೆ ಚಾರ್ಜ್ ಮಾಡಿದರೆ ರಾತ್ರಿಯಿಡೀ ಬೆಳಕು ಎಂದು ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಒಳಗಿನ ಸೆಲ್ ನನ್ನ ಹೆಬ್ಬೆರಳಿಗಿಂತ ದಪ್ಪ. ಪೂರ್ತಿ ಚಾರ್ಜ್ ಮಾಡಿ ಹಚ್ಚಿದರೆ, ಒಲೆಯ ಮೇಲಿಟ್ಟ ಅಕ್ಕಿ ಬೇಯುವ ಮೊದಲೇ ಮಂಕಾಗಿ ಆರಿತು. ಮತ್ತೆ ಮತ್ತೆ ನೋಡಿದೆ, ಅಷ್ಟೇ. ಅಂಗಡಿಯವನನ್ನು ಕೇಳಿದರೆ, ಹೊಸ ಬ್ಯಾಟರಿ, ಪಳಗಬೇಕು ಎಂದ. ಪಳಗುವುದಕ್ಕೆ ಅದೇನು ಎಮ್ಮೆಯೇ?

ಬೇಸಿಗೆ ಮಳೆ ಬಂದ ಒಂದು ದಿನ ಮಧ್ಯಾಹ್ನವೇ ಕರೆಂಟು ಹೋಯಿತು. ಯಜಮಾನರು ಶಿವಮೊಗ್ಗದಲ್ಲಿ ಡ್ಯೂಟಿಯಲ್ಲಿದ್ದರು. ಸಂಜೆ ದೇವರಿಗೆ ದೀಪ ಹಚ್ಚಿ, ಅತ್ತೆಗೆ ಗಂಜಿ ತೆಗೆದುಕೊಂಡು ಕೋಣೆಗೆ ಹೋದಾಗ ಮಂಚದ ಕೆಳಗೆ ಬುಸುಗುಟ್ಟಿದ ಸದ್ದು. ಕೈಯಲ್ಲಿದ್ದ ಟಾರ್ಚ್ ಹಾಕಿದೆ. ಮಂಚದ ಕಾಲಿಗೆ ಒತ್ತಿಕೊಂಡು ನಾಗರಹಾವು ಹೆಡೆಯೆತ್ತಿತ್ತು.

ಅತ್ತೆಯನ್ನು ನಾನೊಬ್ಬಳೇ ಎತ್ತುವ ಹಾಗಿರಲಿಲ್ಲ. ಕೋಲು ಹಿಡಿಯುವ ಮಾತೂ ಇರಲಿಲ್ಲ. ನಮ್ಮ ಮನೆಯಲ್ಲಿ ನಾಗರನಿಗೆ ಕೋಲು ತೋರಿಸುವುದಿಲ್ಲ. ಅತ್ತೆ ಅದನ್ನು ಸುಬ್ಬಪ್ಪ ಎಂದೇ ಕರೆಯುತ್ತಿದ್ದರು.

“ಹೊಡೆದುಬಿಟ್ಟೀಯ ಮಾರಾಯ್ತಿ, ನಮ್ಮ ಸುಬ್ಬಪ್ಪ ಅವ್ನು. ನಂಗೆ ಹೇಗೂ ವಯಸ್ಸಾಯ್ತು, ನಿಮ್ಗೆ ದೋಷ ಬೇಡ,” ಎಂದರು, ಅಲುಗಾಡದೆ.

ಯಜಮಾನರಿಗೆ ಫೋನ್ ಮಾಡಿದೆ. ಅವರು ಹಾವು ಹಿಡಿಯುವವರೊಬ್ಬರನ್ನು ಹುಡುಕಿದರು. ಆ ಹಾವು ಹಿಡಿಯುವವರು ಶಿವಮೊಗ್ಗದ ರಾಗಿಗುಡ್ಡದಲ್ಲಿ ಇನ್ನೊಂದು ಹಾವಿನ ಹಿಂದಿದ್ದರಂತೆ. ಅದನ್ನು ಹಿಡಿದು ಬರಬೇಕು, ದಾರಿಯಲ್ಲಿ ಮರವೂ ಬಿದ್ದಿದೆ ಎಂದು ಅವರೇ ನನಗೆ ಫೋನ್ ಮಾಡಿ ಹೇಳಿದರು. “ಬೆಳಕು ಅದರ ಮೇಲೇ ಇರ್ಲಿ ಅಮ್ಮ. ಕಣ್ತಪ್ಪಿದ್ರೆ ಹಾಸಿಗೆ ಹತ್ತಿದ್ರೂ ಗೊತ್ತಾಗಲ್ಲ,” ಎಂದರು. ಅಷ್ಟರಲ್ಲಿ ನನ್ನ ಫೋನಿನ ಚಾರ್ಜೂ ಮುಗಿಯಿತು.

ದೇವರ ಮನೆಯ ದೀಪ ತರಲು ಹೋದರೆ ಹಾವು ಎತ್ತ ಹೋಗುತ್ತದೋ. ಬಾಗಿಲಲ್ಲೇ ಕೂತು, ಎರಡೂ ಕೈಯಲ್ಲಿ ಟಾರ್ಚ್ ಹಿಡಿದು, ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳಿದೆ. ಅಕ್ಕಿ ಬೇಯುವ ಹೊತ್ತು ಕಳೆಯಿತು. ಈಗ ಆರುತ್ತದೆ, ಈಗ ಆರುತ್ತದೆ ಎಂದು ಕಾಯುತ್ತಿದ್ದೆ. ಮಳೆ ನಿಂತಿತು, ಕಪ್ಪೆಗಳು ಕೂಗತೊಡಗಿದವು. ಕೈ ಮರಗಟ್ಟಿತು. ಬೆಳಕು ಮಾತ್ರ ಒಂದಿಷ್ಟೂ ಮಂಕಾಗಲಿಲ್ಲ.

“ಆರಿತೇನೇ?” ಎಂದು ಅತ್ತೆ ಕೇಳಿದರು.

“ಇಲ್ಲ ಅತ್ತೆ, ಉರೀತಿದೆ.”

“ನಿನ್ನ ಟಾರ್ಚಿಗೂ ಸುಬ್ಬಪ್ಪನ ಭಯ ಇದೆ ಬಿಡು,” ಎಂದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

ಹಾವು ಹಿಡಿಯುವವರು ಬಂದಾಗ ಅರ್ಧ ರಾತ್ರಿ ಆಗಿಹೋಗಿತ್ತು. ಅವರ ತಲೆಗೆ ಕಟ್ಟಿದ ದೀಪದ ಬೆಳಕಲ್ಲಿ ಹಾವು ಚೀಲ ಸೇರಿದ ಮೇಲೆ ಟಾರ್ಚನ್ನು ನಾನೇ ಆರಿಸಿದೆ. ಅದು ಆಗಲೂ ಬೆಳ್ಳಗೆ ಉರಿಯುತ್ತಿತ್ತು. ಅತ್ತೆಗೆ ಒಂದು ಗೀರೂ ಆಗಿರಲಿಲ್ಲ, ಹಾವಿಗೂ ಆಗಿರಲಿಲ್ಲ. ಅಷ್ಟಕ್ಕೇ ಕೈ ಮುಗಿದು ಸುಮ್ಮನಿರಬಹುದಿತ್ತು.

ಕರೆಂಟು ಬಂದ ಮೇಲೆ ಮತ್ತೆ ಚಾರ್ಜ್ ಮಾಡಿ ಹಚ್ಚಿದೆ. ಅಕ್ಕಿ ಬೇಯುವ ಮೊದಲೇ ಆರಿತು. ಮೊಬೈಲ್ ರಿಪೇರಿ ಮಾಡುವ ಮೈದುನ ಆ ದಪ್ಪ ಸೆಲ್ಲನ್ನು ಬಿಚ್ಚಿ ತೋರಿಸಿದ. ಒಳಗಿದ್ದದ್ದು ಕಿರುಬೆರಳಿನಂಥ ಪುಟ್ಟ ಸೆಲ್ಲು. ಉಳಿದ ಜಾಗದಲ್ಲೆಲ್ಲ ತೂಕಕ್ಕೆಂದು ತುಂಬಿದ ಬಿಳಿ ಪುಡಿ. ಇದು ಅಷ್ಟು ಹೊತ್ತು ಉರಿಯಲು ಸಾಧ್ಯವೇ ಇಲ್ಲ ಅತ್ತಿಗೆ ಎಂದ.

ನನಗೆ ಮೈಯೆಲ್ಲ ಉರಿಯಿತು. ಆಟಿಕೆಯಲ್ಲಿ ಮೋಸ ಮಾಡಿದರೆ ಮಗು ಅತ್ತು ಸುಮ್ಮನಾಗುತ್ತದೆ. ಆಪತ್ತಿಗೆಂದು ಮಾರುವ ದೀಪದಲ್ಲಿ ಪುಡಿ ತುಂಬುವವನಿಗೆ ಮನೆಯಲ್ಲಿ ತಾಯಿ ಇಲ್ಲವೇ? ನೀವೂ ಡಬ್ಬದ ಮೇಲಿನ ಅಕ್ಷರ ನಂಬಬೇಡಿ; ತಂದ ದಿನವೇ ಹಚ್ಚಿಟ್ಟು, ಎಷ್ಟು ಹೊತ್ತು ಉರಿಯುತ್ತದೆ ಎಂದು ಕಣ್ಣಾರೆ ನೋಡಿ.

ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋಗಿ, ಗಿರಾಕಿಗಳೆದುರೇ ಬೈದೆ. ಬೈಯುವ ಭರದಲ್ಲಿ ಆ ರಾತ್ರಿಯ ವಿಷಯವೂ ಬಾಯಿಂದ ಬಂದುಬಿಟ್ಟಿತು. ಅವನ ಮುಖ ಅರಳಿತು. ಪಕ್ಕದ ಗಿರಾಕಿಯ ಕಡೆ ತಿರುಗಿ, “ಕೇಳಿದ್ರಲ್ಲ ಸಾರ್, ಅಕ್ಕನೇ ಹೇಳ್ತಿದಾರೆ, ಅರ್ಧ ರಾತ್ರಿ ತನಕ ಉರಿದಿದೆ,” ಎಂದ.

“ಅದು ನಿನ್ನ ಸೆಲ್ಲಿಂದ ಅಲ್ಲಪ್ಪ.”

“ಮತ್ತೆ ಯಾವ್ದರಿಂದ ಅಕ್ಕ?”

ದೇವರಿಂದ ಎನ್ನಲು ಬಾಯಿ ಬರಲಿಲ್ಲ. ಹೇಳಿದ್ದರೆ ಮರುದಿನ ಅದನ್ನೂ ಡಬ್ಬದ ಮೇಲೆ ಅಚ್ಚು ಹಾಕಿಸುತ್ತಿದ್ದ. ಸೆಲ್ಲಿಂದ ಎನ್ನಲೂ ಆಗಲಿಲ್ಲ, ಪುಡಿಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಆ ಗಿರಾಕಿಗೆ, ಬೇಡ, ತೆಗೆದುಕೊಳ್ಳಬೇಡಿ ಎಂದೆ. ಆತ ನಕ್ಕು ಎರಡು ಟಾರ್ಚ್ ಕಟ್ಟಿಸಿಕೊಂಡು ಹೋದ. ಅವನ ಮನೆಯಲ್ಲಿ ಅವು ಎಷ್ಟು ಹೊತ್ತು ಉರಿದವೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದು ಹೇಗೆ ಉರಿಯಿತು ಎಂಬುದೂ ಗೊತ್ತಿಲ್ಲ.